ತೊಂಬತ್ತೆಂಟು ಪಾಲು ತಿನ್ನುವ ಕಳ್ಳ

ನಮ್ಮ ಖಜೂರಿಗೆ ಕಂಪ್ಯೂಟರ್ ಇನ್ನೂ ಹೊಸದಾಗಿದ್ದ ಕಾಲವದು. ನಮ್ಮ ಓಣಿಗೆಲ್ಲ ಇದ್ದದ್ದು ಒಂದೇ, ಅದೂ ಲಾರಿಗಳ ಧೂಳು ಕುಡಿಯುತ್ತ ಕೂತಿದ್ದ ನಮ್ಮ ಕಾಕಾನ ಅಂಗಡಿಯಲ್ಲಿ. ಪಹಣಿಗೆ, ಪ್ರಮಾಣಪತ್ರಕ್ಕೆ ಜನ ಅಲ್ಲಿಗೇ ಬರುತ್ತಿದ್ದರು. ಕಾಕಾನಿಗೆ ಟೈಪು ಮಾಡಲು ಬರುತ್ತಿತ್ತು, ಯಂತ್ರದ ಒಳಗಿನ ಸಂಗತಿ ತಿಳಿಯುತ್ತಿರಲಿಲ್ಲ. ನನಗೂ ತಿಳಿಯುತ್ತಿರಲಿಲ್ಲ, ಆದರೆ ಐದನೆಯ ಕ್ಲಾಸಿನ ನಾನು ತಿಳಿದವಳಂತೆ ಮೆರೆಯುತ್ತಿದ್ದೆ. ಕಂಪ್ಯೂಟರ್ ಹಟ ಹಿಡಿದರೆ, ಒಳಗೆ ನಡೆಯುತ್ತಿರುವ ಕೆಲಸಗಳ ಪಟ್ಟಿ ತೆರೆದು, ಯಾವುದು ಯಂತ್ರದ ಶಕ್ತಿಯನ್ನು ಹೆಚ್ಚು ತಿನ್ನುತ್ತಿದೆ ಎಂದು ನೋಡಿ ಅದನ್ನು ಬಂದ್ ಮಾಡುವುದು ನಾನು ಕಲಿತಿದ್ದ ಏಕೈಕ ಮದ್ದು.

ಮಹಾನಂದಾ ನನ್ನ ಜೀವದ ಗೆಳತಿ. ವಸತಿ ಶಾಲೆಯ ಪ್ರವೇಶ ಪರೀಕ್ಷೆ ಬರೆದು, ಆರನೆಯ ಕ್ಲಾಸಿಗೆ ಇಬ್ಬರೂ ಒಟ್ಟಿಗೆ ಹೋಗಬೇಕೆಂದು ನಮ್ಮ ಮಾತಾಗಿತ್ತು. ಆ ಪರೀಕ್ಷೆ ಜೀವನಕ್ಕೆ ಒಂದೇ ಸಲ. ನನ್ನ ಅರ್ಜಿ ಮೊದಲೇ ಹೋಗಿತ್ತು. ಅವಳ ಪ್ರಮಾಣಪತ್ರ ಆಳಂದದಿಂದ ಬರುವಷ್ಟರಲ್ಲಿ ಕಡೆಯ ದಿನ ಬಂದಿತ್ತು, ಅದೂ ಊರೆಲ್ಲ ಹೊಲಕ್ಕೆ ಹೋಗುವ ಎಳ್ಳ ಅಮಾವಾಸ್ಯೆಯ ದಿನ. ಎಡೆಯನ್ನು ಹೊಲದ ತುಂಬ ಚೆಲ್ಲಿ ಚರಗ ಮುಗಿಸುವವರೆಗೆ ಯಾರೂ ಊರಿಗೆ ತಿರುಗುವಂತಿಲ್ಲ. ಭಜ್ಜಿ, ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ ಉಂಡು ಬೇವಿನ ನೆರಳಲ್ಲಿ ಮಲಗಿದ್ದ ಕಾಕಾನನ್ನು ಎಬ್ಬಿಸಿ ಅಂಗಡಿ ತೆಗೆಸಿದಾಗ ನಾಲ್ಕು ಹೊಡೆದಿತ್ತು. ಐದಕ್ಕೆ ಅರ್ಜಿ ಮುಚ್ಚುತ್ತಿತ್ತು.

ಕಾಕಾ ಎಲ್ಲ ತುಂಬಿ ಕಡೆಯ ಗುಂಡಿ ಒತ್ತಿದ. ಪರದೆಯ ಮೇಲೆ ಸಣ್ಣ ಚಕ್ರವೊಂದು ಸುತ್ತತೊಡಗಿತು, ನಿಲ್ಲಲೇ ಇಲ್ಲ. ಅರ್ಧ ತಾಸು ಕಳೆಯಿತು. ನಾನು ತಡೆಯಲಾರದೆ ಪಟ್ಟಿ ತೆರೆದೆ. ‘ಸಿಸ್ಟಮ್ ಐಡಲ್ ಪ್ರೊಸೆಸ್’ ಎಂಬ ಹೆಸರಿನ ಮುಂದೆ ನೂರಕ್ಕೆ ತೊಂಬತ್ತೆಂಟು ಎಂದಿತ್ತು.

“ಕಾಕಾ, ಇದಽ ಎಲ್ಲಾ ತಿನ್ನಾಕತ್ತದ. ಮಹಾನಂದಾನ ಅರ್ಜಿಗಿ ಉಳಿದಿದ್ದು ಎರಡಽ ಪಾಲು.”

ಬಂದ್ ಮಾಡಲು ನೋಡಿದೆ, ಆಗಲಿಲ್ಲ. ಅದು ಮೊಂಡ ಕಳ್ಳನೇ ಎಂದು ನನಗೆ ಖಾತ್ರಿಯಾಯಿತು. ಯಂತ್ರವನ್ನೇ ಆರಿಸಿ ಮತ್ತೆ ಹಚ್ಚೋಣ ಎಂದೆ. ಸ್ವಲ್ಪ ಕಾಯೋಣ ಎಂದು ಕಾಕಾ ಅನುಮಾನಿಸಿದ. ಎದೆಗೆ ಕಾಗದಗಳನ್ನು ಅವುಚಿಕೊಂಡಿದ್ದ ಮಹಾನಂದಾ ನಡುವೆ ಬಂದಳು.

“ಆಕಿ ಹೇಳಿದಂಗ ಮಾಡ್ರಿ ಕಾಕಾ. ಆಕಿಗಿ ಗೊತ್ತದ.”

ನಾನು ವಾಯರು ಕಿತ್ತೆ.

ಯಂತ್ರ ಮತ್ತೆ ಕಣ್ಣು ಬಿಡುವಷ್ಟರಲ್ಲಿ ಐದಕ್ಕೆ ಐದು ನಿಮಿಷವಿತ್ತು. ತುಂಬಿದ್ದೆಲ್ಲ ಅಳಿಸಿಹೋಗಿತ್ತು. ಕಾಕಾ ಮತ್ತೆ ಮೊದಲಿನಿಂದ ತುಂಬತೊಡಗಿದ, ಅವಳಪ್ಪನ ಹೆಸರು ಮುಗಿಸುವಾಗಲೇ ಐದಾಯಿತು. ಮಹಾನಂದಾ ಅಳಲಿಲ್ಲ. ಕಂಪ್ಯೂಟರೇ ಕೆಟ್ಟದ್ದು ಎಂದು ನನ್ನನ್ನೇ ಸಮಾಧಾನ ಮಾಡಿದಳು. ಜೂನಿನಲ್ಲಿ ನಾನೊಬ್ಬಳೇ ಟ್ರಂಕು ಹೊತ್ತು ಬಸ್ಸು ಹತ್ತಿದೆ.

ಎಷ್ಟೋ ವರ್ಷಗಳ ಮೇಲೆ ಕಲಬುರಗಿಯ ಕಾಲೇಜಿನಲ್ಲಿ ಮೇಡಂ ಒಬ್ಬರು ಪ್ರೊಸೆಸರಿನ ಪಾಠ ಮಾಡುತ್ತಿದ್ದರು. ಮಾಡಲು ಕೆಲಸವಿಲ್ಲದಾಗ ಅದು ಸುಮ್ಮನೆ ನಿಲ್ಲುತ್ತದೆ, ತಣ್ಣಗಾಗುತ್ತದೆ, ಯಾರಾದರೂ ಕರೆದರೆ ಮಾತ್ರ ಏಳುತ್ತದೆ ಎಂದರು. ಪಟ್ಟಿಯಲ್ಲಿ ‘ಐಡಲ್’ ಎಂಬ ಹೆಸರಿನ ಮುಂದಿರುವ ಅಂಕಿ ತಿಂದದ್ದರ ಲೆಕ್ಕವಲ್ಲ, ಖಾಲಿ ಉಳಿದದ್ದರ ಲೆಕ್ಕ. ಕಳ್ಳ ಎಂಬುದೇ ಇರಲಿಲ್ಲ. ಅವತ್ತು ಯಂತ್ರ ಅರ್ಜಿಯನ್ನು ಕಳಿಸಿ, ಆ ಕಡೆಯಿಂದ ಬರುವ ಉತ್ತರಕ್ಕೆ ಕೈಕಟ್ಟಿ ಕಾಯುತ್ತಿತ್ತು. ಇನ್ನೊಂದು ಗಳಿಗೆ ತಾಳಿದ್ದರೆ ಉತ್ತರ ಬರುತ್ತಿತ್ತೋ, ಬರುತ್ತಿರಲಿಲ್ಲವೋ. ಈಗ ಯಾರನ್ನು ಕೇಳಲಿ?

ಹೋದ ವರ್ಷ ಆಳಂದದ ಬಸ್ ನಿಲ್ದಾಣದಲ್ಲಿ ಮಹಾನಂದಾ ಸಿಕ್ಕಳು, ಸೊಂಟದಲ್ಲಿ ಮೂರು ವರ್ಷದ ಮಗಳು. ಹೇಳಿಬಿಡಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವಳೇ ಮಗಳ ಗಲ್ಲ ಹಿಡಿದು ನನ್ನ ಕಡೆ ತಿರುಗಿಸಿದಳು.

“ಈಕಿ ಐದನೇತ್ತಿಗಿ ಬಂದಾಗ ಆ ಸಾಲಿ ಅರ್ಜಿ ನೀನಽ ತುಂಬಬೇಕು ನೋಡ್ ಬೇ. ಅವತ್ತು ನನ್ನ ಸಲುವಾಗಿ ಎಷ್ಟ್ ಒದ್ದಾಡಿದಿ. ಬ್ಯಾರೆ ಯಾರ್ ಮ್ಯಾಲೂ ನನಗ ನಂಬಿಗಿ ಇಲ್ಲ.”

ಅವಳ ಮುಂದೆ ನಾನು ಏನನ್ನೂ ಮುಚ್ಚಿಡದಿದ್ದ ಕಾಲವೊಂದಿತ್ತು. ಅದು ಎಂದೋ ಮುಗಿದಿದೆ, ಅದು ಅವಳಿಗೆ ಮಾತ್ರ ಗೊತ್ತಿಲ್ಲ. ನಾನು ಹೂಂ ಅಂದೆ.