ಇಬ್ಬರು ಬೀಗರು, ಎರಡು ವಾಲ್ವು

1974ರ ಬೇಸಿಗೆ. ನಾನಾಗ ವಿಜಾಪುರದಲ್ಲಿ ನೀರು ಪೂರೈಕೆಯ ಜೂನಿಯರ್ ಎಂಜಿನಿಯರ್. ಜೋರಾಪುರ ಪೇಟೆಯಲ್ಲೊಂದು ಬಾಡಿಗೆ ಖೋಲಿ, ಒಂದು ಸೈಕಲ್, ಮೂಗಿನ ತುದಿಯಲ್ಲಿ ಸಿಟ್ಟು: ನನ್ನ ಆಸ್ತಿ ಅಷ್ಟೇ. ತಿಕೋಟಾ ಮತ್ತು ಬಬಲೇಶ್ವರಕ್ಕೆ ನೀರು ಕೊಡುವ ಹೊಸ ಯೋಜನೆ ನನ್ನ ಕೊರಳಿಗೆ ಬಿದ್ದಿತ್ತು. ಎರಡೂ ಊರಿಗೆ ಸೇರಿ ಒಂದೇ ಬಾವಿ, ಒಂದೇ ಪಂಪು. ಅಲ್ಲಿಂದ ಹೊರಟ ಪೈಪು ಕವಲೊಡೆದು ಊರಿಗೊಂದರಂತೆ ಎರಡು ಎತ್ತರದ ನೀರಿನ ಟಾಕಿಗಳಿಗೆ ಹೋಗುತ್ತಿತ್ತು. ಪ್ರತಿ ಟಾಕಿಯ ಬುಡದಲ್ಲಿ ಒಂದು ವಾಲ್ವು, ಅದನ್ನು ತಿರುಗಿಸಲು ಒಬ್ಬ ವಾಲ್ವ್‌ಮನ್.

ತಿಕೋಟಾದಲ್ಲಿ ಮಲ್ಲಪ್ಪ, ಬಬಲೇಶ್ವರದಲ್ಲಿ ಗುರಪ್ಪ. ಮಲ್ಲಪ್ಪನ ಮಗಳು ಶಾಂತವ್ವನನ್ನು ಗುರಪ್ಪನ ಮಗನಿಗೆ ಕೊಟ್ಟು ವರ್ಷವೂ ತುಂಬಿರಲಿಲ್ಲ. ಹೊಸ ಬೀಗರು! ಇಬ್ಬರಿಗೂ ಟೆಲಿಫೋನು ಇರಲಿಲ್ಲ. ಟಾಕಿಯಲ್ಲಿ ಎಷ್ಟಡಿ ನೀರಿದೆ ಎಂದು ಚೀಟಿ ಬರೆದು ಬಸ್ಸಿನ ಕಂಡಕ್ಟರನ ಕೈಗೆ ಕೊಡುತ್ತಿದ್ದರು. ಚೀಟಿ ಮುಟ್ಟಲು ಮೂರು ತಾಸು ಹಿಡಿಯುತ್ತಿತ್ತು.

ಬಾವಿಯಲ್ಲಿ ನೀರಿತ್ತು, ಪಂಪು ಗಟ್ಟಿಯಾಗಿತ್ತು, ಆದರೂ ಎರಡೂ ಊರಿನ ನಳ ಒಣಗಿದವು. ಅರ್ಧ ದಿನ ಒತ್ತಡ ಏರಿ ಪಂಪಿನ ಸಂದಿನಿಂದ ನೀರು ಚಿಮ್ಮಿ ಮೋಟಾರು ನಿಲ್ಲಿಸಬೇಕಾಗುತ್ತಿತ್ತು. ಇನ್ನರ್ಧ ದಿನ ಒತ್ತಡ ಕುಸಿದು ನೀರು ಯಾವ ಟಾಕಿಗೂ ಏರುತ್ತಿರಲಿಲ್ಲ. ನಮ್ಮ ಸಾಹೇಬರಿಗೆ ತಾಳ್ಮೆ ಮುಗಿಯಿತು.

"ಬೀಗರೊಳಗ ಜಗಳ ಬಿದ್ದೈತಿ. ಶನಿವಾರದೊಳಗ ನೀರು ಏರಲಿಲ್ಲಂದ್ರ ಇಬ್ಬರನೂ ತಗೀರಿ" ಎಂದು ವಜಾ ಆದೇಶ ಟೈಪು ಮಾಡಿಸಿ ನನ್ನ ಕೈಗೇ ಕೊಟ್ಟರು. ಇಬ್ಬರಿಗೂ ಹೊಲವಿರಲಿಲ್ಲ. ಆ ಕೆಲಸ ಹೋದರೆ ಎರಡು ಮನೆಯ ಒಲೆ ಆರುತ್ತಿತ್ತು.

ಗುರುವಾರ ತಿಕೋಟಾಕ್ಕೆ ಹೋದವನೇ ಮಲ್ಲಪ್ಪನ ಮೇಲೆ ಹರಿಹಾಯ್ದೆ. ಆತ ಎರಡೂ ಕೆನ್ನೆ ಬಡಿದುಕೊಂಡ.

"ಜಗಳಾ? ಶಿವ ಶಿವಾ! ಬೀಗರ ಟಾಕಿ ಖಾಲಿ ಐತಿ ಅಂತ ಚೀಟಿ ಬಂದ್ರ ಸಾಕ್ರಿ, ನಮ್ಮ ವಾಲ್ವು ಪೂರಾ ಮುಚ್ಚತೀನ್ರಿ. ಮೊದಲ ಅವರು ತಗೊಳ್ಳಲಿ, ಆಮ್ಯಾಲ ನಾವು."

ಬಂದ ಚೀಟಿಗಳನ್ನೆಲ್ಲ ಆತ ಗೋಡೆಯ ತಂತಿಗೆ ಚುಚ್ಚಿಟ್ಟಿದ್ದ. ಅವನ್ನು ಕಿಸೆಗೆ ಹಾಕಿಕೊಂಡು ಬಬಲೇಶ್ವರದ ಬಸ್ಸು ಹತ್ತಿದೆ. ಗುರಪ್ಪನೂ ಅದೇ ಮಾತು ಹೇಳಿದ, ಅವನ ಚೀಟಿಗಳನ್ನೂ ಇಸಿದುಕೊಂಡು ಟಾಕಿಯ ನೆರಳಲ್ಲಿ ಹರವಿದೆ. ನೋಡುತ್ತ ನೋಡುತ್ತ ನಗು ತಡೆಯದಾಯಿತು.

ಬೆಳಿಗ್ಗೆ ಇಬ್ಬರ ಟಾಕಿಯೂ ಖಾಲಿ. ಹತ್ತು ಗಂಟೆಗೆ ಇಬ್ಬರಿಗೂ ಚೀಟಿ ಮುಟ್ಟುತ್ತದೆ, ಬೀಗರಿಗಾಗಿ ಇಬ್ಬರೂ ವಾಲ್ವು ಮುಚ್ಚುತ್ತಾರೆ, ಪಂಪು ಉಸಿರುಗಟ್ಟುತ್ತದೆ. "ನಾವು ಮುಚ್ಚೇವಿ, ನೀವು ತುಂಬಿಸ್ಕೋರಿ" ಎಂಬ ಚೀಟಿಗಳು ಮಧ್ಯಾಹ್ನ ಮುಟ್ಟುತ್ತವೆ. ಈಗ ಇಬ್ಬರೂ ಪೂರ್ತಿ ತೆರೆಯುತ್ತಾರೆ, ಪಂಪಿನ ಶಕ್ತಿ ಹಂಚಿಹೋಗಿ ನೀರು ಮೇಲೇರುವುದಿಲ್ಲ. ಸಂಜೆ ಮತ್ತೆ ಖಾಲಿ, ಮತ್ತೆ ಉಪಚಾರ. ಸುದ್ದಿ ನೋಡಿ ಕೈ ತಿದ್ದಿಕೊಳ್ಳುವುದಕ್ಕೆ ಫೀಡ್‌ಬ್ಯಾಕ್ ಎನ್ನುತ್ತೇವೆ. ಆ ಸುದ್ದಿ ಹಳತಾಗಿದ್ದರೆ, ಅಂದರೆ ಟೈಮ್ ಡಿಲೇ ಇದ್ದರೆ, ತಿದ್ದಿದಷ್ಟೂ ಕೆಡುತ್ತದೆ. ಇದೆಲ್ಲ ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆ, ಆದರೆ ಪರಿಹಾರ ಮಾತ್ರ ಹೊಳೆಯಲೊಲ್ಲದು.

ಅಷ್ಟರಲ್ಲಿ ಶಾಂತವ್ವ ಖಾಲಿ ಕೊಡ ಹೊತ್ತು ಬಂದಳು.

"ಅಪ್ಪಾರೂ ಉಪಚಾರ ಮಾಡ್ತಾರ, ಮಾವಾರೂ ಉಪಚಾರ ಮಾಡ್ತಾರ. ನಾ ಮಾತ್ರ ಕೊಡಾ ಹೊತಗೊಂಡು ತಿರಗಾಕತ್ತೀನ್ರಿ ಸಾಹೇಬ್ರ!"

ಗುರಪ್ಪ ಸೊಸೆಯ ಮುಂದೆ ತಲೆ ತಗ್ಗಿಸಿದ. "ಊಟಕ್ಕ ಕೂತಾಗೂ ಹಿಂಗಽ ಏನವ್ವಾ?" ಎಂದು ನಾನು ಚೇಷ್ಟೆಗೆ ಕೇಳಿದೆ.

"ಹೂನ್ರಿ. ಒಬ್ರಿಗೆ ನೀಡಿದ್ರ 'ಮೊದಲ ಬೀಗರಿಗೆ' ಅಂತಾರ. ನಾ ಯಾರ ಮಾತೂ ಕೇಳಂಗಿಲ್ರಿ. ಇಬ್ಬರಿಗೂ ಅರ್ಧರ್ಧ ರೊಟ್ಟಿ ನೀಡತೀನಿ. ಉಂಡದ್ದು ನೋಡಿ ಮತ್ತರ್ಧ."

ನಾನು ಎದ್ದು ನಿಂತೆ. ಆ ತಾಯಿಗೆ ಕೈಮುಗಿಯಬೇಕೆನಿಸಿತು.

ಅಲ್ಲೇ ನಿಯಮ ಮಾಡಿದೆ. ಒತ್ತಡ ಏರದಂತೆ, ಕುಸಿಯದಂತೆ ಎರಡೂ ವಾಲ್ವು ಅರ್ಧ ತೆರೆದಿಟ್ಟು ಶುರು ಮಾಡಬೇಕು. ಚೀಟಿಯಲ್ಲಿ, ಅದನ್ನು ಎಷ್ಟು ಹೊತ್ತಿಗೆ ಬರೆದದ್ದೆಂದು ನಮೂದಿಸಬೇಕು. ಬೀಗರ ಟಾಕಿ ಎಷ್ಟೇ ಖಾಲಿಯಿರಲಿ, ಎರಡು ಸುತ್ತಿಗಿಂತ ಹೆಚ್ಚು ತಿರುಗಿಸಬಾರದು. ಅದರ ಫಲವೇನೆಂದು ಉತ್ತರ ಬರುವತನಕ ವಾಲ್ವು ಮುಟ್ಟಬಾರದು.

"ಎರಡಽ ಸುತ್ತು? ಬೀಗರು ಏನಂದಾರ್ರಿ?" ಗುರಪ್ಪನ ಮುಖ ಸಣ್ಣದಾಯಿತು.

"ಬೀಗರು ಆಗಲೇ ಒಪ್ಪ್ಯಾರ" ಎಂದು ಹಸಿ ಸುಳ್ಳು ಹೇಳಿ, ಮರುದಿನ ನಸುಕಿನ ಬಸ್ಸಿಗೆ ತಿಕೋಟಾಕ್ಕೆ ಓಡಿ ಮಲ್ಲಪ್ಪನಿಗೂ ಅದೇ ಸುಳ್ಳು ಹೇಳಿದೆ.

ಶನಿವಾರ ಬೆಳಿಗ್ಗೆ ತಿಕೋಟಾದ ಟಾಕಿಯ ಕೆಳಗೆ ನಿಂತಾಗ ವಜಾ ಆದೇಶ ಕಿಸೆಯಲ್ಲಿ ಬೆವರಿಗೆ ತೊಯ್ದಿತ್ತು. ಮಲ್ಲಪ್ಪ ಏಣಿ ಹತ್ತಿ ಇಣುಕಿ, "ಆರಡಿ ಐತ್ರೀ!" ಎಂದು ಕೂಗಿದ. ಹತ್ತು ಗಂಟೆಗೆ ಬಸ್ಸು ಬಂತು, ಚೀಟಿಯೂ ಬಂತು: "ಬೆಳಿಗ್ಗೆ ಏಳು. ನಮ್ಮಲ್ಲಿ ಏಳಡಿ. ಎರಡು ಸುತ್ತು ಮುಚ್ಚೀನಿ, ನೀವು ತಗೋರಿ. ಉತ್ತರಾ ಬರೂತನಾ ಮುಟ್ಟಂಗಿಲ್ಲ. ತಪ್ಪು ತಿಳೀಬ್ಯಾಡ್ರಿ."

ನನ್ನ ಕಣ್ಣು ತುಂಬಿತು. ಮಲ್ಲಪ್ಪ ಉತ್ತರ ಬರೆಯಲು ಕಾಗದ ಹುಡುಕುತ್ತಿದ್ದ, ಕಂಡಕ್ಟರ್ ಅವಸರ ಮಾಡುತ್ತಿದ್ದ. ಕಿಸೆಯಿಂದ ಆದೇಶ ತೆಗೆದು, ಕೆಳಗಿನ ಖಾಲಿ ಅರ್ಧವನ್ನು ಹರಿದು ಅವನ ಕೈಗಿತ್ತೆ.

ಮುಂದೆ ಟಾಕಿಗಳ ಬಳಿಗೆ ಟೆಲಿಫೋನು ಬಂತು, ಸುದ್ದಿ ಬೇಗ ಮುಟ್ಟತೊಡಗಿತು, ಆದರೆ ಅದು ಎಂದೂ ತಡವಿಲ್ಲದೆ ಬರಲಿಲ್ಲ. ಹೊಸ ಎಂಜಿನಿಯರುಗಳು ಬಂದಾಗಲೆಲ್ಲ ಶಾಂತವ್ವನ ಪಾಠವನ್ನೇ ಹೇಳಿಕೊಟ್ಟೆ: ಅರ್ಧ ನೀಡಿ, ಉಂಡದ್ದನ್ನು ನೋಡಿ, ಆಮೇಲೆ ಮತ್ತರ್ಧ. ಆದೇಶದ ಮೇಲಿನರ್ಧ ಇಂದಿಗೂ ನನ್ನ ಹತ್ತಿರ ಇದೆ. ಕೆಳಗಿನರ್ಧ ಬಬಲೇಶ್ವರದ ಟಾಕಿಯ ಗೋಡೆಯಲ್ಲಿ, ಗುರಪ್ಪ ನಿವೃತ್ತನಾಗುವವರೆಗೂ ತಂತಿಗೆ ಚುಚ್ಚಿಕೊಂಡೇ ಇತ್ತು.