ಪುಟಕ್ಕೆ ಹಾಕಲಾಗದ ಫೋಟೊ

ಫೋಟೊ ನೋಡಿದ್ದೇ "ನನಗೆ ಇದೇ ಬೇಕಿತ್ತು!" ಎಂದು ಮೇಜು ತಟ್ಟಿದೆ. ಮುಳಬಾಗಿಲಿನ ನಮ್ಮ ಕಾಲೇಜಿನ ವಾರ್ಷಿಕ ಸಂಚಿಕೆಗೆ ನಾನೇ ಸಂಪಾದಕಿ. ಸುತ್ತ ಅನಾಹುತವಾಗುತ್ತಿದ್ದರೂ ತಮಗೇನೂ ಸಂಬಂಧವಿಲ್ಲವೆಂಬಂತೆ ತಣ್ಣಗಿರುವ ಜನರ ಬಗ್ಗೆ ಬಂದಿದ್ದ ಲೇಖನಕ್ಕೆ ಚಿತ್ರ ಹುಡುಕುತ್ತಿದ್ದೆ. ಬೈರಕೂರು ಕಡೆಯ ವಿದ್ಯಾರ್ಥಿನಿ ಶ್ವೇತಾ, ತಾನೇ ತೆಗೆದದ್ದೆಂದು ಮೊಬೈಲ್ ಮುಂದೆ ಹಿಡಿದಿದ್ದಳು.

ಹೆದ್ದಾರಿಯಲ್ಲಿ ಟೊಮೆಟೊ ಲಾರಿ ಮಗುಚಿ ಬಿದ್ದಿದೆ. ನಜ್ಜುಗುಜ್ಜಾದ ಕ್ಯಾಬಿನ್ನಿನಿಂದ ಚಾಲಕನ ಕೈಯೊಂದು ಹೊರಗೆ ಚಾಚಿದೆ. ಅದರ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತ ಮುದುಕರೊಬ್ಬರು, ತರಕಾರಿ ಮಂಡಿಗೆ ಕಳಿಸುವವರ ಹಾಗೆ ಹಣ್ಣು ಬೇರೆ, ದೋರೆಗಾಯಿ ಬೇರೆ ಮಾಡಿ ಚೀಲಕ್ಕೆ ತುಂಬುತ್ತಿದ್ದಾರೆ.

"ಯಾರಮ್ಮ ಈ ಮಹಾನುಭಾವ?" ಎಂದೆ.

"ನಮ್ ತಾತ, ಮಿಸ್. ಆ ಡ್ರೈವರ್ ಉಳೀಲಿಲ್ಲ," ಎಂದಳು ಶ್ವೇತಾ. ಮೊಬೈಲ್ ಒರೆಸಿಕೊಳ್ಳುತ್ತಾ, "ಅವತ್ತು ನಮ್ಮನೇಲಿ ಎಲ್ರೂ ಆ ಟೊಮ್ಯಾಟೊ ಗೊಜ್ಜೇ ತಿಂದಿದ್ದು. ಚೆನ್ನಾಗಿತ್ತು ಮಿಸ್," ಎಂದಳು.

ಆ ಫೋಟೊ ಹಾಕಲು ನನ್ನ ಕೈಲಾಗಲಿಲ್ಲ. ಬದಲಿಗೆ ಸುರಿಯುವ ಮಳೆಯಲ್ಲಿ ಕದಲದೆ ನಿಂತ ಎಮ್ಮೆಯ ಚಿತ್ರ ಅಚ್ಚಾಯಿತು, ಎಲ್ಲರೂ ಮೆಚ್ಚಿದರು. ಸಂಚಿಕೆ ತೆರೆದಾಗಲೆಲ್ಲ, ಪಾಪ, ಆ ತಾತನ ಜಾಗದಲ್ಲಿ ನಿಲ್ಲಿಸಿ ಆ ಎಮ್ಮೆಗೆ ಅನ್ಯಾಯ ಮಾಡಿದೆ ಅನ್ನಿಸುತ್ತದೆ.