ಯೂಸುಫನ ಎಡಮೂಲೆ

ಹೋದ ಭಾನುವಾರ ಭಾಲ್ಕಿಯಲ್ಲಿ ನಾನು ಯಾರೂ ಇಲ್ಲದ ಜಾಗಕ್ಕೆ ಚೆಂಡು ಎಸೆದೆ.

ಇದೇನು ದೊಡ್ಡ ಸುದ್ದಿ ಅನ್ನಬೇಡಿ. ಬಾಸ್ಕೆಟ್‌ಬಾಲ್ ಆಡುವವರು ತಪ್ಪು ಪಾಸ್ ಕೊಡುತ್ತಲೇ ಇರುತ್ತಾರೆ. (ಬೀದರ್ ಟೀಮಿನ ಕ್ಯಾಪ್ಟನ್ ಆದ ನಾನು ಉಳಿದವರಿಗಿಂತ ತುಸು ಹೆಚ್ಚು.) ಆದರೆ ಆ ಖಾಲಿ ಜಾಗವನ್ನು ಭಾಲ್ಕಿಯ ಇಬ್ಬರು ಆಟಗಾರರು ಕೈ ಚಾಚಿ ಕಾಯುತ್ತಿದ್ದರು. ನಡುವೆ ಒಬ್ಬ ಮನುಷ್ಯ ನಿಲ್ಲುವಷ್ಟು ಸಂದು ಬಿಟ್ಟಿದ್ದರು. ನನ್ನ ಚೆಂಡು ಆ ಸಂದಿನಲ್ಲೇ ಹಾದು, ಸುಣ್ಣದ ಗೆರೆ ದಾಟಿ, ತೊಗರಿ ಹೊಲಕ್ಕೆ ಬಿತ್ತು.

ಯಾರೂ ನಗಲಿಲ್ಲ. ಮೈದಾನದ ಸುತ್ತ ಅಷ್ಟು ಜನ. ಒಬ್ಬರಾದರೂ ಸಿಳ್ಳೆ ಹೊಡೆಯಬೇಕಲ್ಲ?

ಆ ಮೂಲೆ ಯೂಸುಫನದು. ಮೈಲೂರಿನ ಸೈಕಲ್ ಅಂಗಡಿಯ ಚಾಚಾನ ಮಗ. ನಮ್ಮ ಟೀಮಿನ ಸ್ಟಾರ್. ಹೈದರಾಬಾದ್ ರಾಜ್ಯಕ್ಕೆ ಸೈನ್ಯ ನುಗ್ಗಿ ಪೊಲೀಸ್ ಆ್ಯಕ್ಷನ್ ಆದ ವಾರ ಕಾಣೆಯಾದ. ಆಮೇಲೆ ಭಾಲ್ಕಿಯವರ ಜೊತೆ ನಮಗೆ ಇದೇ ಮೊದಲ ಮ್ಯಾಚ್.

ಅವನ ಆಟ ನೋಡದವರಿಗೆ ಹೇಳಬೇಕು. ಯೂಸುಫ್ ಓಡುತ್ತಿರಲಿಲ್ಲ. ಎದುರಾಳಿಗಳ ಬುಟ್ಟಿಯ ಎಡಕ್ಕೆ, ಮೂಲೆಯಲ್ಲಿ, ಕ್ಷೌರಕ್ಕೆ ಸರದಿ ಕಾಯುವವನ ಹಾಗೆ ನಿಂತಿರುತ್ತಿದ್ದ. ಚೆಂಡು ಬಂದರೆ ಎದೆಯ ಮಟ್ಟದಿಂದ ಎರಡೂ ಕೈಯಲ್ಲಿ ತಳ್ಳುತ್ತಿದ್ದ. ಬಿತ್ತೋ ಇಲ್ಲವೋ ಅಂತ ನೋಡುತ್ತಲೂ ಇರಲಿಲ್ಲ. ಬೀಳುತ್ತಿತ್ತು. ಬರಬರುತ್ತ ನಾವು ನಾಲ್ವರು ಬುಟ್ಟಿಯ ಕಡೆ ತಲೆ ಎತ್ತುವುದನ್ನೇ ಬಿಟ್ಟೆವು. ನಮ್ಮ ಅಟ್ಯಾಕ್ ಅಂದರೆ ಒಂದೇ ಕೆಲಸ, ಚೆಂಡನ್ನು ಎಡಮೂಲೆಗೆ ಮುಟ್ಟಿಸುವುದು.

ಡಿಫೆನ್ಸ್? ಅದಕ್ಕೆ ಅವನು ಹಿಂದಕ್ಕೆ ಬರುತ್ತಲೇ ಇರಲಿಲ್ಲ. ಸೋಮಾರಿ ಎಂದು ನಾನೇ ಬೈದಿದ್ದೇನೆ. ಆದರೆ ಅವನ ಹೆದರಿಕೆಗೆ ಎದುರಾಳಿಗಳು ಇಬ್ಬರನ್ನು ಸದಾ ಅವನ ಹತ್ತಿರವೇ ಬಿಟ್ಟು ಬರುತ್ತಿದ್ದರು. ನಮ್ಮ ಬುಟ್ಟಿಗೆ ನುಗ್ಗುವವರು ಮೂವರು, ತಡೆಯುವವರು ನಾಲ್ವರು. ಸುಮ್ಮನೆ ನಿಂತೇ ಅವನು ಎರಡೂ ಕಡೆ ಆಡುತ್ತಿದ್ದ.

ಈಗ ಅವನಿಲ್ಲ. ಭಾನುವಾರವೂ ಎರಡೂ ಕಡೆ ಆಡಿದ.

ಹಾಫ್ ಟೈಮಿನಲ್ಲಿ ಭಾಲ್ಕಿಯ ಭೀಮಣ್ಣನನ್ನು ಹಿಡಿದೆ. ಮೂಲೆ ಕಾಯುತ್ತಿದ್ದವರಲ್ಲಿ ಅವನೂ ಒಬ್ಬ.

"ಭೀಮಣ್ಣಾ, ಖಾಲಿ ಮೂಲ್ಯಾಗ ಯಾರ್ನ ಕಾಯ್ಲಕತ್ತಿದ್ದಿ?"

"ನೀ ಯಾರಿಗಿ ಒಗದಿ?" ಅಂದ.

ಇಬ್ಬರೂ ಬಾಯಿ ಮುಕ್ಕಳಿಸಿ ನೀರು ಉಗುಳಿ ಎದ್ದೆವು. ಮ್ಯಾಚ್ ಸೋತೆವು, ಅದನ್ನು ಬಿಡಿ.

ವಾಪಸ್ ಬರುವ ರೈಲಿನಲ್ಲಿ ಯೂಸುಫನದೇ ಮಾತು. ಒಬ್ಬ ಅವನು ಎಡಚ ಅಂದ. ಇನ್ನೊಬ್ಬ ಅಲ್ಲವೇ ಅಲ್ಲ ಅಂದ. ಗಲಾಟೆಗೆ ಮೊದಲೇ ಲಾರಿ ಹತ್ತಿ ಹೈದರಾಬಾದಿಗೆ ಹೋದನಂತೆ. ಇಲ್ಲ, ಕೋಟೆಯ ಕಂದಕದ ಕಡೆ ಓಡುವುದನ್ನು ಯಾರೋ ಕಂಡಿದ್ದರಂತೆ. ನಾವ್ಯಾರೂ ಕೊನೆಯ ಸಲ ನೋಡಿದವರಲ್ಲ. ಎಲ್ಲರೂ ನೋಡಿದವರಿಂದ ಕೇಳಿದವರು. (ಈ ಅಂಕಣದ ಮೊದಲ ಪ್ರತಿಯಲ್ಲಿ ನಾನು ಅವನನ್ನು ಆರಡಿ ಎತ್ತರ ಮಾಡಿದ್ದೆ. ಆ ಸಾಲನ್ನು ಹೊಡೆದು ಹಾಕಿದೆ. ಈಗ ಅವನಿಗೆ ಎತ್ತರವೇ ಇಲ್ಲ.) ಅವನ ಬಗ್ಗೆ ನಮ್ಮ ಬಾಯಿಗಳು ಒಂದು ಮಾತಿಗೂ ಒಪ್ಪುವುದಿಲ್ಲ. ಕೈಗಳು ಮಾತ್ರ ಚೆಂಡನ್ನು ಅದೇ ಅಂಗೈಯಗಲ ಜಾಗಕ್ಕೆ ಎಸೆಯುತ್ತವೆ. ಯಾವುದನ್ನು ನಂಬುವುದು?

ಅಷ್ಟರಲ್ಲಿ ಶಿವರಾಜ ಬಾಯಿ ಬಿಟ್ಟ. ಔರಾದದಿಂದ ವರ್ಗವಾಗಿ ಬಂದ ಸಾಲಿ ಮಾಸ್ತರ, ಯೂಸುಫನ ಬದಲಿಗೆ ಸೇರಿಸಿಕೊಂಡ ಐದನೆಯವನು. ಜಿಂಕೆಯ ಹಾಗೆ ಓಡುತ್ತಾನೆ. ಯಾರೂ ಪಾಸ್ ಕೊಡುವುದಿಲ್ಲ.

"ಸಿಟ್ಟಾಗಬ್ಯಾಡ್ರಿ ಸರ್. ಆ ಮೂಲ್ಯಾಗ ನನಗ ನಿಲ್ಲಸ್ರಿ. ಇಲ್ಲಂದ್ರ ನಾ ಔರಾದ ಟೀಮಿಗಿ ಹೋಗ್ತೇನಿ. ಚೆಂಡೇ ಸಿಗಲ್ದಿದ್ರ ನಾ ಯಾಕ ಓಡ್ಬೇಕ್ರಿ?"

"ನಿಲ್ಲಬೇಕಿತ್ತಪ್ಪ. ಯಾರು ಬ್ಯಾಡಂದ್ರು?"

"ನೀವೆಲ್ಲಾ ಅದಕ್ಕ ಸುತ್ತು ಹಾಕಿ ಹೋಗ್ತೀರಿ. ನಾನೂ ಹಂಗೇ ಹೋಗ್ತೇನಿ. ಅಲ್ಲಿ ಯಾರರೆ ಇದ್ದಂಗ ಇರ್ತದ್ರಿ."

ಯೂಸುಫನನ್ನು ಅವನು ಕಂಡವನೇ ಅಲ್ಲ.

ಮಾರನೆ ದಿನ ಬೆಳಿಗ್ಗೆ ನಮ್ಮ ಮೈದಾನಕ್ಕೆ ಹೋಗಿ ನೋಡಿದೆ. ಎಲ್ಲ ಕಡೆ ತುಳಿದು ತುಳಿದು ಕಲ್ಲಾದ ಕೆಂಪು ನೆಲ. ಎಡಮೂಲೆಯಲ್ಲಿ ಮಾತ್ರ ಹುಲ್ಲು. ಒಬ್ಬನ ಎರಡು ಪಾದ ಹಿಡಿಯುವಷ್ಟು. ಸುತ್ತ ನಮ್ಮದೇ ಹೆಜ್ಜೆಗಳು ಬಾಗಿ ಬಳಸಿ ಹೋಗಿದ್ದವು.

ಊರೂ ಹೀಗೇ ಆಡುತ್ತಿದೆಯಲ್ಲ? ನಮ್ಮ ಓಣಿಯಲ್ಲಿ ಯೂಸುಫ್ ಕಾಣೆಯಾದ ವಾರದಿಂದ ಬೀಗ ಬಿದ್ದ ಮನೆಯೊಂದಿದೆ. ಅದರ ಮುಂದೆ ಬಂದಾಗ ಎಲ್ಲರೂ ದನಿ ತಗ್ಗಿಸುತ್ತಾರೆ. ಮೊನ್ನೆ ಮೊನ್ನೆ ಓಣಿಗೆ ಬಾಡಿಗೆಗೆ ಬಂದವರೂ ತಗ್ಗಿಸುತ್ತಾರೆ. ಯಾರು ಹೇಳಿಕೊಟ್ಟರು?

ಶಿವರಾಜ ಕೇಳಿದ್ದು ನ್ಯಾಯ. ತೊಡಕು ಇರುವುದು ಚಾಚಾನದು. ನಮ್ಮ ಚೆಂಡಿನ ಬ್ಲ್ಯಾಡರಿಗೆ ತೇಪೆ ಹಾಕಿ ಗಾಳಿ ತುಂಬುವವರು ಅವರೇ. ಯೂಸುಫನಿಗೆ ಚೆಂಡು ಕಲ್ಲಿನಂತೆ ಇರಬೇಕಿತ್ತು. ಅವನು ಹೋದ ಮೇಲೂ ಚಾಚಾ ಹಾಗೇ ತುಂಬುತ್ತಾರೆ. ನಮ್ಮ ಬೆರಳು ಉಳುಕುತ್ತವೆ, ಯಾರೂ ತುಟಿ ಬಿಚ್ಚುವುದಿಲ್ಲ. ಅವರ ಪಾಲಿಗೆ ಮಗ ಬರುವವನು. ಆಡಲು ಹೋಗುವ ಪ್ರತಿಸಲ ನನ್ನನ್ನು ತಡೆದು ಕೇಳುತ್ತಾರೆ: "ಅವನ ಜಾಗಾ ಇಟ್ಟೀರಲ್ಲ?" ನಾನು ಹೂಂ ಅನ್ನುತ್ತೇನೆ. ಆ ಮೂಲೆಯಲ್ಲಿ ಇನ್ನೊಬ್ಬನನ್ನು ನಿಲ್ಲಿಸಿದರೆ, ನಿಮ್ಮ ಮಗ ಸತ್ತ ಎಂದು ಅವರಿಗೆ ಮೊದಲು ಹೇಳಿದವನು ನಾನಾಗುತ್ತೇನೆ.

ಹೇಳಿಬಿಡೋಣ ಅಂತಲೇ ಬುಧವಾರ ಚೆಂಡು ಹಿಡಿದು ಅಂಗಡಿಗೆ ಹೋದೆ. ಮಾತು ಜೋಡಿಸಿಕೊಂಡಿದ್ದೆ. ಬಾಯಿ ತೆರೆಯುವ ಮೊದಲೇ ಚಾಚಾ ಪಂಪು ಸಿಕ್ಕಿಸಿದರು. ಹಿಡಿಕೆಯ ಮೇಲೆ ಕೈಯಿಟ್ಟು ನಿಂತುಬಿಟ್ಟರು.

"ಎಷ್ಟ ಗಟ್ಟಿ ಮಾಡ್ಲಿ ಬೇಟಾ?"

ಈ ಪ್ರಶ್ನೆಯನ್ನು ಅವರು ಎಂದೂ ಕೇಳಿದವರಲ್ಲ. ಶಿವರಾಜ ಮೂಲೆ ಕೇಳಿದ್ದನ್ನು ಯಾರು ಹೇಳಿದ್ದರು ಅವರಿಗೆ? ಶಿವರಾಜ ತಾನು ಮೈಲೂರಿನ ಕಡೆ ಕಾಲೇ ಇಟ್ಟಿಲ್ಲ ಅನ್ನುತ್ತಾನೆ. ಉಳಿದವರೂ ಆಣೆ ಮಾಡುತ್ತಾರೆ.

ಚೆಂಡನ್ನು ಹೆಬ್ಬೆರಳಿನಿಂದ ಒತ್ತಿದೆ. ಮೆತ್ತಗಿತ್ತು. ನಮ್ಮೆಲ್ಲರ ಕೈಗೆ ಹೊಂದುವಷ್ಟು ಮೆತ್ತಗೆ. ಸಾಕು ಚಾಚಾ ಅಂದರೆ ಮುಗಿದಿತ್ತು.

"ಯಾವಾಗ್ಲೂ ಮಾಡ್ತೀರಲ್ಲ ಚಾಚಾ, ಹಂಗೇ ಮಾಡ್ರಿ," ಅಂದೆ.

ಅವರ ಮುಖದಲ್ಲಿ ಸಮಾಧಾನ ಕಂಡೆ ಎಂದು ಬರೆದರೆ ಅಂಕಣ ಚೆಂದ ಮುಗಿಯುತ್ತದೆ. ಆದರೆ ಅವರು ಪಂಪಿನ ಮೇಲೆ ಬಗ್ಗಿದ್ದರು. ಮುಖ ಕಾಣಲಿಲ್ಲ. ಚೆಂಡು ಕಲ್ಲಾದ ಮೇಲೂ ಹೊಡೆಯುತ್ತಲೇ ಇದ್ದರು.

ನಾಳಿದ್ದು ಭಾಲ್ಕಿಯವರು ಬೀದರಿಗೆ ಬರುತ್ತಾರೆ. ಭೀಮಣ್ಣನೂ ಬರುತ್ತಾನೆ, ನೇರ ಆ ಹುಲ್ಲಿನ ಹತ್ತಿರ ಹೋಗಿ ನಿಲ್ಲುತ್ತಾನೆ.

ಶಿವರಾಜನಿಗೆ ನಾನು ಎಲ್ಲಿ ನಿಲ್ಲು ಅನ್ನಲಿ?